ಗಾಯ ಅಂಗಾಲಿನಲ್ಲಿ, ಮದ್ದು ಷಡ್ಡಕನ ಚೀಲದಲ್ಲಿ

ನಮ್ಮ ಬೀದಿಯ ನಿವೃತ್ತ ಮೇಷ್ಟ್ರು ತಿಂಡಿಯಾದ ಮೇಲೆ ಸ್ಟೀಲ್ ಡಬ್ಬಿಯ ಮುಚ್ಚಳ ಮಗುಚಿಟ್ಟು ಅದರೊಳಗೆ ಮಾತ್ರೆ ಜೋಡಿಸುತ್ತಾರೆ. ಕಿತ್ತಳೆ ಬಣ್ಣದ್ದು ವಿಟಮಿನ್ ಸಿ. ದಪ್ಪಗಿರುವುದು ಬಿ ಕಾಂಪ್ಲೆಕ್ಸ್. ಬಿಳಿಯದು ಜಿಂಕ್. ಹೊಳೆಯುವುದು ಮೀನೆಣ್ಣೆ, ಮೇಷ್ಟ್ರು ಈರುಳ್ಳಿಯನ್ನೂ ಮುಟ್ಟದವರು, ಹಾಗಾಗಿ ಅವರ ಷಡ್ಡಕ ಅದನ್ನು ‘ಒಮೆಗಾ’ ಎಂದಷ್ಟೇ ಹೇಳಿ ಕೊಟ್ಟಿದ್ದಾನೆ. ಒಟ್ಟು 11. ಒಂದೊಂದಾಗಿ ನುಂಗಿ, ತೇಗಿ, ಹಿಮ್ಮಡಿ ಸವೆದ ಹವಾಯಿ ಚಪ್ಪಲಿ ಮೆಟ್ಟಿ, ಎಡ ಅಂಗಾಲಿನ ಹುಣ್ಣಿನ ಮೇಲೆ ಮೈಭಾರವನ್ನೆಲ್ಲ ಊರಿ ವಾಕಿಂಗ್ ಹೊರಡುತ್ತಾರೆ. ಗಾಯಕ್ಕೆ ದಿನಕ್ಕೆ 11 ಮಾತ್ರೆ, 6000 ಹೆಜ್ಜೆ. ಸಂಜೆ ಮೊಬೈಲು ಶಭಾಷ್ ಅನ್ನುತ್ತದೆ.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಂತೆ. ಇಲ್ಲಿ ಬರೆ ಬಿದ್ದದ್ದು ಮೇಷ್ಟ್ರ ಪೆನ್ಷನ್ನಿಗೆ.

ಗಾಯ ಆದದ್ದು ಹೇಗೆಂದು ಮೇಷ್ಟ್ರಿಗೆ ಗೊತ್ತಿಲ್ಲ. ಕಂಡುಹಿಡಿದದ್ದು ಅವರ ಹೆಂಡತಿ, ಅದೂ ನೆಲ ಒರೆಸುವಾಗ. ಅಡುಗೆಮನೆಯಿಂದ ಜಗುಲಿಯವರೆಗೆ ಬೇಳೆಕಾಳಿನಷ್ಟಗಲದ ಕೆಂಪು ಚುಕ್ಕೆ, ಎರಡು ಮೊಳಕ್ಕೊಂದು. ಚಪ್ಪಲಿ ತಿರುವಿ ನೋಡಿದರೆ ಕ್ಯಾಲೆಂಡರ್ ತೂಗುಹಾಕುವ ಸಣ್ಣ ಮೊಳೆ ಒಳಗಿನವರೆಗೂ ಹೊಕ್ಕಿದೆ. ಮೇಷ್ಟ್ರು ಅದನ್ನು ಮೆಟ್ಟಿಕೊಂಡು ಎರಡು ದಿನ ಊರು ಸುತ್ತಿದ್ದರು. ‘ರೀ, ನೋವಾಗ್ಲಿಲ್ವಾ?’ ಎಂದು ಕೇಳಿದರೆ, ‘ನನ್ನ ಸಹನಶಕ್ತಿ ನಿನಗೇನು ಗೊತ್ತು’ ಅಂದರು. 15 ವರ್ಷದ ಶುಗರು ಪಾದದ ನರಗಳನ್ನು ತಿಂದುಹಾಕಿದ್ದನ್ನು ಸಹನಶಕ್ತಿ ಎಂದು ತಿಳಿಯುವ ಸ್ಥಿತಪ್ರಜ್ಞರು ನಮ್ಮಲ್ಲಿ ಬೇಕಾದಷ್ಟಿದ್ದಾರೆ.

ನಮ್ಮದು ಪಾದ ಪೂಜಿಸುವ ನಾಡು ಬೇರೆ. ಗುರುಗಳ ಪಾದಕ್ಕೆ ಹಾಲು, ಅಳಿಯನ ಪಾದಕ್ಕೆ ಬೆಳ್ಳಿ ತಂಬಿಗೆಯ ನೀರು. ಪಾದುಕೆಯನ್ನು ಸಿಂಹಾಸನದ ಮೇಲಿಟ್ಟು ರಾಜ್ಯಭಾರ ಮಾಡಿದ ಕಥೆ ಕೇಳಿ ಬೆಳೆದವರು ನಾವು. ಆದರೆ ನಮ್ಮ ಅಂಗಾಲನ್ನು ನಾವೇ ಕನ್ನಡಿ ಹಿಡಿದು ನೋಡಿಕೊಂಡದ್ದು ಯಾವಾಗ? ದೇಶದಲ್ಲಿ 10 ಕೋಟಿಗೂ ಹೆಚ್ಚು ಜನ ಸಕ್ಕರೆ ಕಾಯಿಲೆಯವರಿದ್ದಾರೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್‌ ಬೆಂಬಲದ ಸಮೀಕ್ಷೆ 2023ರಲ್ಲಿ ಹೇಳಿತು. ಅಂದರೆ ಸುಮಾರು 20 ಕೋಟಿ ಅಂಗಾಲು. ಪೂಜೆಗೆ ಒಂದೂ ಬರಲಿಲ್ಲ.

ಇಂಥ ಹೊತ್ತಿನಲ್ಲೇ ಷಡ್ಡಕ ಬರುವುದು. ಟೈ ಕಟ್ಟಿಕೊಂಡು ಬಂದ. ಯಾವುದೋ ಹೋಟೆಲಿನ ಸಭಾಂಗಣದಲ್ಲಿ ವಿಟಮಿನ್ ಮಾರುವ ಮೂರು ದಿನದ ತರಬೇತಿ ಮುಗಿಸಿದ್ದಾನೆ. ಸಕ್ಕರೆ ಕಾಯಿಲೆಯ ಕುರಿತ ಉಪನ್ಯಾಸದ ಬೆನ್ನಿಗೇ ಜಾಮೂನು ಕೊಟ್ಟರಂತೆ. ‘ಭಾವ, ಹಿಂದೆ ಹಡಗಿನಲ್ಲಿ ಹೋಗೋರಿಗೆ ವಿಟಮಿನ್ ಸಿ ಇಲ್ಲದೆ ಹಳೇ ಗಾಯ ಎಲ್ಲ ಮತ್ತೆ ಬಿಚ್ಕೋತಿತ್ತು, ಗೊತ್ತಾ?’ ಅಂದ. ಅದೇನೂ ಸುಳ್ಳಲ್ಲ. ಬ್ರಿಟಿಷ್ ನೌಕಾಪಡೆಯ ವೈದ್ಯ ಜೇಮ್ಸ್ ಲಿಂಡ್ 1747ರಲ್ಲಿ ಸ್ಕರ್ವಿ ಎಂಬ ಆ ಕೊರತೆಯ ರೋಗ ಹತ್ತಿದ ನಾವಿಕರಿಗೆ ಕಿತ್ತಳೆ, ನಿಂಬೆ ತಿನ್ನಿಸಿ ಚೇತರಿಸಿಕೊಳ್ಳುವಂತೆ ಮಾಡಿದ. ಆದರೆ ಆ ನಾವಿಕರು ತಿಂಗಳುಗಟ್ಟಲೆ ಸೊಪ್ಪು ಹಣ್ಣು ಕಂಡವರಲ್ಲ. ಮೇಷ್ಟ್ರ ಹಿತ್ತಲಲ್ಲಿ ಎರಡು ನಿಂಬೆಗಿಡ, ಒಂದು ನೆಲ್ಲಿ, ಒಂದು ಸೀಬೆ ಇವೆ. ಕಾಯಿ ಉದುರಿ ಕೊಳೆಯುತ್ತಿದ್ದರೆ ಒಳಗೆ ಮೇಷ್ಟ್ರು ಕಿತ್ತಳೆ ವಾಸನೆಯ ಮಾತ್ರೆ ಚೀಪುತ್ತಿದ್ದಾರೆ.

ಡಬ್ಬದ ಹಿಂಬದಿಯಲ್ಲಿ ಏನೋ ಬರೆದಿತ್ತು. ಮೇಷ್ಟ್ರು ಪಂಚಾಂಗ ಓದುವ ಭೂತಗನ್ನಡಿ ತರಿಸಿದರು. ಇಂಗ್ಲಿಷಿನಲ್ಲಿತ್ತು, ‘ಔಷಧವಾಗಿ ಬಳಸಲಿಕ್ಕಲ್ಲ’ ಎಂದರ್ಥ. ಇಂಥ ಪೂರಕಗಳ ಮೇಲೆ ಹೀಗೆ ಅಚ್ಚು ಹಾಕಲೇಬೇಕೆಂದು ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮವಿದೆ. ‘ಇದೇನಯ್ಯಾ?’ ಎಂದರೆ ಷಡ್ಡಕ, ‘ಭಾವ, ಅಲೋಪತಿ ಲಾಬಿ ಬರೆಸಿದ್ದು’ ಅಂದ. ತನ್ನ ವಿರುದ್ಧ ತಾನೇ ಸಾಕ್ಷಿ ಹೇಳುವ ಡಬ್ಬವನ್ನು ಹೀಗೆ ಹುತಾತ್ಮನನ್ನಾಗಿ ಮಾಡಿಬಿಟ್ಟ.

ಕಾನೂನು ಇಲ್ಲವೆಂದಲ್ಲ. ಸಕ್ಕರೆ ಕಾಯಿಲೆ ವಾಸಿ ಮಾಡುತ್ತೇವೆಂದು ಜಾಹೀರಾತು ಕೊಡುವುದನ್ನು 1954ರ ಕಾಯಿದೆಯೊಂದು ನಿಷೇಧಿಸಿದೆ. ಜಾಹೀರಾತು ಎಂದರೇನು ಅನ್ನುವುದಕ್ಕೆ ಅದರಲ್ಲಿರುವ ವಿವರಣೆ ಓದಬೇಕು: ಲೇಬಲ್, ಸುತ್ತೋಲೆಗಳಷ್ಟೇ ಅಲ್ಲ, ಬಾಯಿಮಾತಿನ ಘೋಷಣೆ, ಬೆಳಕು, ಶಬ್ದ, ಕೊನೆಗೆ ಹೊಗೆಯ ಮೂಲಕ ಸಾರಿದರೂ ಅದು ಜಾಹೀರಾತೇ. ಹೊಗೆ! ಆಕಾಶದಲ್ಲಿ ಹೊಗೆ ಬಿಟ್ಟು ಶುಗರ್ ವಾಸಿ ಎಂದು ಬರೆಯುವವನನ್ನೂ ಅಂದೇ ಊಹಿಸಿದ್ದರು ಪುಣ್ಯಾತ್ಮರು. ಜಗುಲಿಯಲ್ಲಿ ಕೂತು ಕಾಫಿ ಹೀರುತ್ತ ‘ಭಾವ’ ಅನ್ನುವವನನ್ನು ಹಿಡಿಯಲು ಮಾತ್ರ ಯಾವ ಇನ್‌ಸ್ಪೆಕ್ಟರೂ ಬರುವುದಿಲ್ಲ.

ಹಾಗಾದರೆ ಈ ಮಾತ್ರೆಗಳಿಂದ ಪಾದದ ಹುಣ್ಣು ಮಾಯುತ್ತದೆಯೇ? ಕೊಕ್ರೇನ್ ಎಂಬ ಸಂಸ್ಥೆಯವರು 2020ರಲ್ಲಿ ಪೋಷಕಾಂಶ ಪೂರಕಗಳ ಮೇಲಿನ 9 ಪ್ರಯೋಗಗಳನ್ನು ಸೋಸಿ ನೋಡಿದರು. ಎಲ್ಲ ಸೇರಿ 629 ರೋಗಿಗಳು. ಉಪಯೋಗವಿದೆ ಎಂದು ಹೇಳುವಷ್ಟು ಗಟ್ಟಿ ಪುರಾವೆ ಸಿಗಲಿಲ್ಲ. ನಮ್ಮ ಒಂದು ಮದುವೆಯ ಎರಡನೇ ಪಂಕ್ತಿಯಲ್ಲಿ ಅದಕ್ಕಿಂತ ಹೆಚ್ಚು ಜನ ಕೂರುತ್ತಾರೆ, ಅವರಲ್ಲಿ ಅರ್ಧ ಜನಕ್ಕೆ ಯಾವ ವಿಟಮಿನ್ ಒಳ್ಳೆಯದೆಂದು ಖಚಿತವಾಗಿ ಗೊತ್ತಿರುತ್ತದೆ. ನಿಜಕ್ಕೂ ಕೊರತೆಯಿದ್ದವರ ಮಾತು ಬೇರೆ. ಮೆಟ್‌ಫಾರ್ಮಿನ್ ಎಂಬ ಶುಗರ್ ಮಾತ್ರೆ ಬಹುಕಾಲ ನುಂಗಿದವರಲ್ಲಿ ಬಿ12 ಇಳಿಯಬಹುದು, ಇಳಿದರೆ ಕಾಲು ಇನ್ನಷ್ಟು ಜೋಮು ಹಿಡಿಯಬಹುದು. ಅದನ್ನು ರಕ್ತ ಪರೀಕ್ಷೆ ಹೇಳುತ್ತದೆ. ಪರೀಕ್ಷೆಯಿಂದ ಷಡ್ಡಕನಿಗೆ ಕಮಿಷನ್ ಇಲ್ಲ. ಮೇಷ್ಟ್ರಿಗಂತೂ ಬೇರೆ ಪುರಾವೆಯೇ ಬೇಡವಾಗಿತ್ತು. ‘ಮೂತ್ರ ಅರಿಶಿನದ ಹಾಗೆ ಬರ್ತಿದೆ ಕಣ್ರೀ, ವಿಷ ಎಲ್ಲ ಹೋಗ್ತಿದೆ’ ಎಂದು ಪಾರ್ಕಿನಲ್ಲಿ ಸಾರಿದರು. ಹೋಗುತ್ತಿದ್ದದ್ದು ಮೈಗೆ ಬೇಡವಾದ ಬಿ2, ಅಂದರೆ ಪೆನ್ಷನ್ನು.

ಕೊನೆಗೆ ಮಗಳು ಬಂದು ಆಸ್ಪತ್ರೆಗೆ ಎಳೆದೊಯ್ದಳು. ನಾನೂ ಜೊತೆಗಿದ್ದೆ. ಡಾಕ್ಟರು ಮೇಷ್ಟ್ರಿಗೆ ಕಣ್ಣು ಮುಚ್ಚಲು ಹೇಳಿ, 10 ಗ್ರಾಂ ಒತ್ತಡಕ್ಕೆ ಬಾಗುವ ನೈಲಾನ್ ಎಳೆಯನ್ನು ಅಂಗಾಲಿಗೆ ಒತ್ತುತ್ತ ಹೋದರು. ಹೆಬ್ಬೆರಳು, ಬೆರಳಬುಡ, ಅಂಚು, ಹಿಮ್ಮಡಿ. ‘ಮುಟ್ಟಿದ್ದು ಗೊತ್ತಾದ್ರೆ ಹೂಂ ಅನ್ನಿ ಸಾರ್.’ ಮೇಷ್ಟ್ರು ಕಣ್ಣು ಮುಚ್ಚಿಕೊಂಡೇ, ‘ಆಯ್ತು, ನೀವು ಶುರು ಮಾಡಿ’ ಅಂದರು. ಅಷ್ಟರಲ್ಲಿ ಏಳು ಕಡೆ ಒತ್ತಿ ಆಗಿತ್ತು. ಮಗಳು ಗೋಡೆಯ ಕಡೆ ತಿರುಗಿಕೊಂಡಳು.

ಸತ್ತ ಚರ್ಮ ಕೆರೆದು, ರಕ್ತ ಓಡಾಟ ನೋಡಿ, ಡ್ರೆಸ್ಸಿಂಗ್ ಮಾಡಿದ ಡಾಕ್ಟರು, ‘ಆ ಕಾಲಿನ ಮೇಲೆ ಭಾರ ಬೀಳಬಾರದು, ಶುಗರ್ ಹತೋಟಿಗೆ ಬರಬೇಕು, ಗಾಯ ಮಾಯಬೇಕಾದರೆ ಇದೇ ಮುಖ್ಯ’ ಎಂದರು. ಮೇಷ್ಟ್ರು ಕೇಳಿದರು: ‘ಭಾರ ಬೀಳದ ಹಾಗೆ ಏನಾದ್ರೂ ಮಾತ್ರೆ ಇದೆಯಾ ಡಾಕ್ಟ್ರೇ?’

ಕೆಲವು ವಾರ ಪಟ್ಟಿ, ಕೋಲು, ಕುರ್ಚಿ. ಗಾಯ ಕೂಡಿಕೊಂಡಿತು. ಕೀರ್ತಿ ಜಿಂಕ್‌ಗೆ ಹೋಯಿತು. ಮೆತ್ತನೆಯ ಎಂಸಿಆರ್ ರಬ್ಬರಿನ ಚಪ್ಪಲಿ ಕೊಳ್ಳಿ, ಮನೆಯೊಳಗೂ ಹಾಕಿಕೊಳ್ಳಿ ಎಂದಿದ್ದರು. ಒಂದು ಡಬ್ಬದ ಅರ್ಧದಷ್ಟೂ ಬೆಲೆಯಿಲ್ಲದ ಚಪ್ಪಲಿಗೆ ಮೇಷ್ಟ್ರು ಮುಕ್ಕಾಲು ಗಂಟೆ ಚೌಕಾಸಿ ಮಾಡಿದರು. ತಂದ ಮೇಲೆ ಹೆಂಡತಿ, ‘ದೇವರ ಕೋಣೆ ಮುಂದೆ ಚಪ್ಪಲಿ ಹಾಕ್ಕೊಂಡು ಓಡಾಡ್ತೀರಾ?’ ಅಂದರು. ಈಗ ಚಪ್ಪಲಿ ಪ್ಲಾಸ್ಟಿಕ್ ಕವರಿನಲ್ಲಿ ಬಾಗಿಲಾಚೆ ಇದೆ. ಈ ಸಲದ ಆಯುಧಪೂಜೆಗೆ ಹೋಗಿದ್ದೆ. ದೇವರ ಕೋಣೆಯಲ್ಲಿ ಸ್ಕೂಟರ್ ಕೀಲಿ, ಕತ್ತರಿ, ಇಳಿಗೆಮಣೆಗಳ ಪಕ್ಕ ಆರು ವಿಟಮಿನ್ ಡಬ್ಬಗಳು ಕುಂಕುಮ ಇಟ್ಟುಕೊಂಡು ಕೂತಿದ್ದವು. ಮೇಷ್ಟ್ರು ಬರಿಗಾಲಲ್ಲಿ ನಿಂತು ಮಂಗಳಾರತಿ ಎತ್ತುತ್ತಿದ್ದರು.