ಮಧ್ಯಪ್ರಾಚ್ಯದ ಜಗಳಕ್ಕೆ ಗೆರೆ ಎಳೆದವರೇ ಕಾರಣನಾ?

ಪರ

ಹೌದು, ಮೊದಲ ಮಹಾಯುದ್ಧ ಮುಗಿದ ಮೇಲೆ ಇಲ್ಲಿನ ಗಡಿಗಳನ್ನ ಎಳೆದ ಬ್ರಿಟಿಷರು, ಫ್ರೆಂಚರೇ ಕಾರಣ. ಈ ಸೀಮೆನ ಆಳ್ತಿದ್ದ ತುರ್ಕರ ಆಟೋಮನ್ ಸಾಮ್ರಾಜ್ಯ ಬಿದ್ದ ಮೇಲೆ ಏನಾಯ್ತು ಅನ್ನೋದಕ್ಕೆ ಟರ್ಕಿ-ಸಿರಿಯಾ ಗಡಿ ಒಂದು ನೋಡಿದ್ರೆ ಸಾಕು. 1921ರಲ್ಲಿ ಫ್ರಾನ್ಸ್‌ನವ್ರು ಅಂಕಾರಾದ ಟರ್ಕಿ ಸರ್ಕಾರದವರ ಜೊತೆ ಕೂತು ಬಾಗ್ದಾದ್ ರೈಲ್ವೆ ಲೈನನ್ನೇ ಗಡಿ ಮಾಡಿಬಿಟ್ರು, ಹಳಿ ಟರ್ಕಿಗೆ, ಅದರ ದಕ್ಷಿಣದ ಹೊಲ ಸಿರಿಯಾಗೆ. ಗಡಿಯ ಎರಡೂ ಕಡೆ ಹಂಚಿಹೋದ, ತಮ್ಮದೇ ದೇಶ ಇಲ್ಲದ ಕುರ್ದ್ ಜನ 'ಸರ್‌ಖತ್', 'ಬಿನ್‌ಖತ್' ಅಂತಾರೆ, ಅಂದ್ರೆ ಗೆರೆಯ ಮೇಲೆ, ಗೆರೆಯ ಕೆಳಗೆ. ಹಳಿಯ ಆ ಕಡೆ ಟರ್ಕಿಯ ನುಸೈಬಿನ್ ಊರು, ಈ ಕಡೆ ಸಿರಿಯಾದ ಕಾಮಿಶ್ಲಿ, ಆಮೇಲೆ ಗಡಿಯುದ್ದಕ್ಕೂ ನೆಲಬಾಂಬ್ ಬೇರೆ ಹೂತರು, ಅಣ್ಣ ತಮ್ಮಂದಿರು ಹಬ್ಬದ ದಿನ ತಂತಿಬೇಲಿ ಹಿಡ್ಕೊಂಡು ಕೂಗಿ ಮಾತಾಡೋ ಗತಿ. ನೆನೆಸ್ಕೊಂಡ್ರೆ ಹೊಟ್ಟೆ ಉರಿಯುತ್ತೆ.

ಜನರನ್ನ ಕೇಳಲೇ ಇಲ್ವಾ ಅಂದ್ರೆ, ಕೇಳಿದ್ರು. 1919ರಲ್ಲಿ ಅಮೆರಿಕದ ಕಿಂಗ್-ಕ್ರೇನ್ ಆಯೋಗ ಊರೂರು ತಿರುಗಿತ್ತು, ಬಹಳಷ್ಟು ಜನ ಸಿರಿಯಾನ ಒಡೀಬೇಡಿ ಅಂದಿದ್ರು, ವರದಿ ಮೂಲೆ ಸೇರ್ತು. ಮಾರನೇ ವರ್ಷವೇ ಫ್ರೆಂಚ್ ಸೈನ್ಯ ದಮಾಸ್ಕಸ್‌ಗೆ ನುಗ್ಗಿ ದೊರೆ ಫೈಸಲ್‌ನ ಓಡಿಸ್ತು, 1921ರಲ್ಲಿ ಬ್ರಿಟಿಷರು ಅದೇ ಫೈಸಲ್‌ನ ಇರಾಕ್ ಸಿಂಹಾಸನದ ಮೇಲೆ ಕೂರಿಸಿದ್ರು. ಯುದ್ಧ ಗೆದ್ದವರು ಆಟೋಮನ್ ನೆಲ ಹಂಚೋಕೆ 1920ರಲ್ಲಿ ಮಾಡಿದ ಸೆವ್ರ್ ಒಪ್ಪಂದದಲ್ಲಿ ಕುರ್ದರಿಗೆ ಸ್ವಾಯತ್ತತೆ ಅಂತ ಬರೆದಿದ್ರಲ್ಲ, ಅದರ ಬದಲಿಗೆ ಬಂದ 1923ರ ಲೊಸಾನ್ ಒಪ್ಪಂದದಲ್ಲಿ ಆ ಮಾತೇ ಇಲ್ಲ.

ವಿರೋಧ

ಆ ತಂತಿಬೇಲಿಯ ನೋವು ನಿಜ, ಅದನ್ನ ಯಾರೂ ಅಲ್ಲಗಳೆಯಲ್ಲ. ಆದ್ರೆ ನೂರು ವರ್ಷದ ಎಲ್ಲಾ ಪಾಪನೂ ಆ ಗೆರೆ ಮೇಲೆ ಹೊರಿಸಿದ್ರೆ, ಆಮೇಲೆ ಆಳಿದವರು ಆರಾಮಾಗಿ ತಪ್ಪಿಸ್ಕೋತಾರೆ.

ಹೊರಗಿನವರು ಎಳೆದದ್ದೆಲ್ಲಾ ಉಳೀಲೂ ಇಲ್ಲ. ಸೆವ್ರ್ ನಕ್ಷೆನ ಟರ್ಕಿಯ ನಾಯಕ ಮುಸ್ತಫಾ ಕೆಮಾಲ್ ಯುದ್ಧ ಮಾಡಿ ಅಳಿಸಿದ. ಫ್ರೆಂಚರು ಸಿರಿಯಾನ ದಮಾಸ್ಕಸ್, ಅಲೆಪ್ಪೋ ನಗರಗಳಿಗೊಂದೊಂದು, ಅಲಾವಿ, ದ್ರೂಜ್ ಅನ್ನೋ ಧಾರ್ಮಿಕ ಪಂಗಡಗಳಿಗೊಂದೊಂದು ರಾಜ್ಯ ಅಂತ ಹೋಳು ಹೋಳು ಮಾಡಿದ್ರು, 1925ರಲ್ಲಿ ದಂಗೆ ಶುರುವಾಗಿದ್ದೇ ದ್ರೂಜ್ ಬೆಟ್ಟದಿಂದ, ನಮಗೆ ಬೇರೆ ರಾಜ್ಯ ಬೇಡ ಇಡೀ ಸಿರಿಯಾ ಬೇಕು ಅಂತ ನಿಂತ್ರು, ಕೊನೆಗೆ ಆ ಹೋಳುಗಳೆಲ್ಲಾ ಒಂದಾದ್ವು. ಗಡಿ ಅಳಿಸೋ ಅವಕಾಶನೂ ಸಿಕ್ಕಿತ್ತು, 1958ರಲ್ಲಿ ಸಿರಿಯಾ-ಈಜಿಪ್ಟ್ ಒಂದೇ ದೇಶ ಆದ್ವು, ಕೈರೋದ ದರ್ಬಾರು ತಡೀಲಾರದೆ 1961ಕ್ಕೆ ಸಿರಿಯಾದವರೇ ಹೊರಬಂದ್ರು.

ಕುರ್ದರು ಪರ್ಷಿಯಾ-ಆಟೋಮನ್ ನಡುವೆ ಹಂಚಿಹೋಗಿದ್ದು 1916ರಲ್ಲಿ ಈ ನೆಲ ಹಂಚಿಕೊಳ್ಳೋ ಗುಟ್ಟಿನ ಒಪ್ಪಂದ ಬರೆದ ಬ್ರಿಟಿಷ್ ಸೈಕ್ಸ್, ಫ್ರೆಂಚ್ ಪಿಕೋ ಹುಟ್ಟೋಕಿಂತ ಎಷ್ಟೋ ಮುಂಚೆ. 1988ರಲ್ಲಿ ಇರಾಕಿನ ಕುರ್ದರ ಹಲಬ್ಜಾ ಊರಿನ ಮೇಲೆ ವಿಷಾನಿಲ ಸುರಿದದ್ದು ಬಾಗ್ದಾದ್‌ನ ಸದ್ದಾಂ ಸರ್ಕಾರ, ಸಾವಿರಾರು ಜನ ಅಲ್ಲಲ್ಲೇ ಬಿದ್ದು ಸತ್ರು. 2017ರಲ್ಲಿ ಇರಾಕಿನ ಕುರ್ದರು 92 ಪರ್ಸೆಂಟ್‌ಗಿಂತ ಹೆಚ್ಚು ವೋಟು ಹಾಕಿ ನಮಗೆ ನಮ್ಮ ದೇಶ ಬೇಕು ಅಂದಾಗ ಬಾಗ್ದಾದ್, ಅಂಕಾರಾ, ಟೆಹ್ರಾನ್ ಮೂರೂ ಒಟ್ಟಾಗಿ ಆಗಲ್ಲ ಅಂದ್ವು, ಮುಂದಿನ ತಿಂಗಳೇ ಇರಾಕ್ ಸೈನ್ಯ ಕುರ್ದರ ಹಿಡಿತದಲ್ಲಿದ್ದ ಕಿರ್ಕುಕ್ ನಗರಕ್ಕೆ ನುಗ್ಗಿ ವಶ ಮಾಡ್ಕೊಳ್ತು.