48 ವೋಲ್ಟಿನ ದೆವ್ವ

ಅಮ್ಮನಿಗೆ ಬರುವ ಹಸೆ ಹಾಡು, ಆರತಿ ಹಾಡನ್ನೆಲ್ಲ ರೆಕಾರ್ಡ್ ಮಾಡಿಡೋಣ ಅಂತ ಒಂದು ಆಡಿಯೋ ಇಂಟರ್‌ಫೇಸ್ ತರಿಸಿದೆ, ಅಂದರೆ ಮೈಕಿನ ಸದ್ದನ್ನು ಲ್ಯಾಪ್‌ಟಾಪಿಗೆ ದಾಟಿಸುವ ಪೆಟ್ಟಿಗೆ. ಫೋನಲ್ಲೇ ಮಾಡಬಹುದಿತ್ತಲ್ವಾ ಅಂತ ಮನೆಯಲ್ಲಿ ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಟಿಫನ್ ಡಬ್ಬಿಯಷ್ಟು ದೊಡ್ಡ ಪೆಟ್ಟಿಗೆ. ಲ್ಯಾಪ್‌ಟಾಪಿಗೆ ಜೋಡಿಸಿ, ಕಂಡೆನ್ಸರ್ ಮೈಕು ಸಿಕ್ಕಿಸಿ "ಹಾಡಮ್ಮ" ಅಂದೆ. ಮೈಕಿನ ಸದ್ದು ಏರಿಸಿ ಇಳಿಸುವ ಗೇನ್ ಗುಂಡಿಯ ಸುತ್ತ ಹಸಿರು ದೀಪ ಹತ್ತಬೇಕಿತ್ತು, ಹತ್ತಲಿಲ್ಲ. ಕೇಬಲ್ ಕಿತ್ತು ಮತ್ತೆ ಸಿಕ್ಕಿಸಿದೆ, ಗೇನ್ ಕೊನೆವರೆಗೂ ತಿರುಗಿಸಿದೆ, ಅಮ್ಮ ಒಂದೇ ಪಲ್ಲವಿಯನ್ನು ನಾಲ್ಕು ಸಲ ಹಾಡಿ ಅನ್ನಕ್ಕಿಡೋಕೆ ಎದ್ದು ಹೋದಳು. ಆಮೇಲೆ ಗೊತ್ತಾಯಿತು, ಈ ಥರದ ಮೈಕಿಗೆ 48 ವೋಲ್ಟ್ ಕೊಡಬೇಕು, ಅದಕ್ಕೊಂದು ಬಟನ್ ಇದೆ. ಸದ್ದು ಬರುವ ತಂತಿಯಲ್ಲೇ ಕರೆಂಟೂ ಕಣ್ಣಿಗೆ ಕಾಣದ ಹಾಗೆ ಹೋಗುತ್ತದೆ, ಅದಕ್ಕೇ ಫ್ಯಾಂಟಮ್ ಪವರ್ ಅನ್ನೋದು. ಫ್ಯಾಂಟಮ್ ಅಂದ್ರೇನೋ ಅಂದಳು ಅಮ್ಮ. ದೆವ್ವ ಅಂದುಬಿಟ್ಟೆ.

ಬಟನ್ ಒತ್ತಿದೆ. ಅಮ್ಮ ಗಂಟಲು ಸರಿಮಾಡಿಕೊಂಡಳು ಅಷ್ಟೇ, ದೀಪ ಕೆಂಪಗಾಯಿತು. ಗೇನ್ ಇಳಿಸೋದು ಮರೆತಿದ್ದೆ. ಇಳಿಸಿ ಅಮ್ಮನ ಕಿವಿಗೆ ಹೆಡ್‌ಫೋನ್ ಹಾಕಿದೆ.

ಎರಡು ಸಾಲು ಆಗುವಷ್ಟರಲ್ಲಿ, "ನನ್ನ ಹಿಂದೆ ಯಾರೋ ಹಾಡ್ತಿದ್ದಾರೆ ಕಣೋ, ನಿನ್ನ ದೆವ್ವಾನೇ ಇರಬೇಕು!"

ಅದು ಬಫರ್ ಕಾಟ. ಲ್ಯಾಪ್‌ಟಾಪು ಸದ್ದನ್ನು ಚೂರು ಚೂರಾಗಿ (ಅದೇ ಸ್ಯಾಂಪಲ್) ಕೂಡಿಟ್ಟುಕೊಂಡು ಆಮೇಲೆ ಮುಂದೆ ಕಳಿಸುತ್ತದೆ, ಆ ಕೂಡಿಡುವ ಜಾಗವೇ ಬಫರ್. ಸೆಕೆಂಡಿಗೆ 44,100 ಸ್ಯಾಂಪಲ್ ಲೆಕ್ಕದಲ್ಲಿ ಬಫರ್ 2048 ಇಟ್ಟರೆ ಒಂದು ಕಡೆಗೇ 46 ಮಿಲಿಸೆಕೆಂಡು ತಡ, ವಾಪಸ್ ಬರೋಕೆ ಇನ್ನಷ್ಟು. ಅಮ್ಮ ಭಜನೆ ಹೇಳಿಕೊಟ್ಟು ಅಭ್ಯಾಸ ಇರೋಳು. ಹಿಂದಿನವರು ಬಂದು ಸೇರಿಕೊಳ್ಳಲಿ ಅಂತ ನಿಧಾನ ಮಾಡಿದಳು. ಅದೂ ನಿಧಾನವಾಯಿತು. ಇವಳು ಇನ್ನೂ ಎಳೆದಳು, ಅದೂ ಎಳೆಯಿತು. ಹೀಗೇ ಬಿಟ್ಟಿದ್ದರೆ ಮದುಮಗಳು ಹಸೆಗೆ ಬರುವಷ್ಟರಲ್ಲಿ ಮುಹೂರ್ತ ಮೀರುತ್ತಿತ್ತು.

ಬಫರ್ 64ಕ್ಕೆ ಇಳಿಸಿದರೆ ಲ್ಯಾಪ್‌ಟಾಪಿಗೆ ಪುರಸೊತ್ತು ಸಾಲದೆ ಒಗ್ಗರಣೆಗೆ ಸಾಸಿವೆ ಹಾಕಿದ ಹಾಗೆ ಚಟಪಟ. ಕೊನೆಗೆ ಪೆಟ್ಟಿಗೆಯ ಮುಂದುಗಡೆಯೇ ಡೈರೆಕ್ಟ್ ಮಾನಿಟರ್ ಅಂತ ಒಂದು ಸ್ವಿಚ್ಚು ಕಾಣಿಸಿತು, ಮೈಕಿನ ಸದ್ದನ್ನು ಲ್ಯಾಪ್‌ಟಾಪಿಗೆ ಹೋಗಿ ಬರೋಕೆ ಬಿಡದೆ ನೇರ ಹೆಡ್‌ಫೋನಿಗೆ ಕಳಿಸುವಂಥದ್ದು. ಅದನ್ನು ಒತ್ತಿ, ಸಾಫ್ಟ್‌ವೇರಿನ ಮಾನಿಟರ್ ಆಫ್ ಮಾಡಿದೆ. ದೆವ್ವ ಮಾಯ. ಅಮ್ಮ ಇಡೀ ಹಾಡು ಹಾಡಿದಳು, ಎಷ್ಟು ಚೆನ್ನಾಗಿ ಅಂದರೆ ನಾನು ಉಸಿರು ಬಿಗಿಹಿಡಿದು ಕೂತಿದ್ದೆ.

ರಾತ್ರಿ ಹಾಕಿ ಕೇಳಿದರೆ ಅಮ್ಮ ಬಚ್ಚಲುಮನೆಯಲ್ಲಿ ನಿಂತು ಹಾಡಿದ ಹಾಗಿದೆ, ಲ್ಯಾಪ್‌ಟಾಪಿನ ಫ್ಯಾನು ಮಾತ್ರ ಶ್ರುತಿಪೆಟ್ಟಿಗೆ ಥರ ಖಡಕ್ಕಾಗಿ ಕೇಳುತ್ತಿದೆ. ಅನುಮಾನ ಬಂದು ಮತ್ತೆ ರೆಕಾರ್ಡಿಗೆ ಹಾಕಿ, ಮೈಕಿನ ಜಾಲರಿಯನ್ನು ಉಗುರಲ್ಲಿ ಕೆರೆದೆ. ಪರದೆ ಮೇಲಿನ ಗೆರೆ ಅಲುಗಲಿಲ್ಲ. ಲ್ಯಾಪ್‌ಟಾಪಿನ ಅಂಚು ಕೆರೆದೆ. ಗುಡ್ಡ ಎದ್ದಿತು!

ಹೆಡ್‌ಫೋನಿಗೆ ಹೋಗಿದ್ದು ಹೊಸ ಮೈಕಿನ ಸದ್ದು, ರೆಕಾರ್ಡ್ ಆಗಿದ್ದು ಲ್ಯಾಪ್‌ಟಾಪಿನ ಸ್ವಂತ ಮೈಕಿನದು. ಸಾಫ್ಟ್‌ವೇರಲ್ಲಿ ಇನ್‌ಪುಟ್ ಬದಲಾಯಿಸೋದೊಂದನ್ನು ಬಿಟ್ಟು ಬೇರೆಲ್ಲ ಮಾಡಿದ್ದೆ.

ಬೆಳಿಗ್ಗೆ ಅಮ್ಮನನ್ನು ಮತ್ತೆ ಕೂರಿಸಿದೆ. ಹೆಡ್‌ಫೋನ್ ಹಾಕಿಕೊಳ್ಳುತ್ತಾ, "ಇವತ್ತಾದ್ರೂ ಅದು ಬರುತ್ತೇನೋ?" ಅಂದಳು.

"ಯಾವುದಮ್ಮ?"

"ಅದೇ, ನಿನ್ನ ದೆವ್ವ. ಒಬ್ಬಳೇ ಹಾಡೋಕೆ ಬೇಜಾರು ಕಣೋ. ಏನೇ ಅನ್ನು, ಅದಕ್ಕೆ ತಾಳ ಇಲ್ಲದೇ ಇದ್ರೂ ಶ್ರುತಿ ಸರಿಯಾಗಿತ್ತು."