ಕರಿಚಿರತೆ ಬೇರೆ ಪ್ರಾಣಿಯಲ್ಲ: ಒಂದು ಸ್ಪಷ್ಟನೆ

"ಕಬಿನಿಯಲ್ಲಿರುವ ಬ್ಲ್ಯಾಕ್ ಪ್ಯಾಂಥರ್ ಚಿರತೆಗಿಂತ ಬೇರೆಯದೇ ಪ್ರಾಣಿ, ಸಫಾರಿಗೆ ಹೋದರೆ ಕಾಣುವುದು ಖಚಿತ" ಎಂಬ ಸಂದೇಶ ವಾಟ್ಸ್‌ಆ್ಯಪ್‌ನಲ್ಲಿ ಓಡಾಡುತ್ತಿದೆ. ಎರಡೂ ಮಾತು ಸರಿಯಲ್ಲ.

ಕರಿಚಿರತೆಯೂ ಚಿರತೆಯೇ. ಚರ್ಮ, ಕೂದಲಲ್ಲಿ ಮೆಲನಿನ್ ಎಂಬ ಕಪ್ಪು ವರ್ಣದ್ರವ್ಯ ಹೆಚ್ಚಾದಾಗ ಮೈ ಕಪ್ಪಾಗುತ್ತದೆ, ಅಷ್ಟೇ. ಎಳೆಬಿಸಿಲು ಓರೆಯಾಗಿ ಬಿದ್ದರೆ ಆ ಕಪ್ಪಿನೊಳಗೇ ಚಿರತೆಯ ಚುಕ್ಕೆಗಳು ಮೂಡಿ ಕಾಣುತ್ತವೆ; ನೋಡಿದವರು ಅದನ್ನು ಮರೆಯುವುದಿಲ್ಲ. ಚಿರತೆಗಳಲ್ಲಿ ಈ ಗುಣ ಅಪ್ರಬಲ ಜೀನ್‌ನಿಂದ ಬರುತ್ತದೆ. ತಾಯಿ, ತಂದೆ ಇಬ್ಬರಿಂದಲೂ ಆ ಜೀನ್ ಬಂದರೆ ಮಾತ್ರ ಮರಿ ಕಪ್ಪು. ಹಾಗಾಗಿ ಚುಕ್ಕೆಯ ಚಿರತೆಗಳ ಜೋಡಿಗೂ ಕಪ್ಪು ಮರಿ ಹುಟ್ಟಬಹುದು, ಒಂದೇ ಸೂಲಿನಲ್ಲಿ ಎರಡು ಬಣ್ಣದ ಮರಿಗಳೂ ಇರಬಹುದು. ಅಮೆರಿಕ ಖಂಡದ ಕಾಡುಗಳಲ್ಲಿ 'ಬ್ಲ್ಯಾಕ್ ಪ್ಯಾಂಥರ್' ಎಂದು ಕರೆಯುವುದು ಕಪ್ಪು ಜಾಗ್ವಾರ್ ಅನ್ನು; ಅದು ಚಿರತೆಯನ್ನು ಹೋಲುವ ಬೇರೆ ಪ್ರಾಣಿ. ಗೊಂದಲಕ್ಕೆ ಅದೂ ಒಂದು ಕಾರಣ.

ಇನ್ನು 'ಖಚಿತ' ಎಂಬ ಮಾತು. ಕಬಿನಿಯನ್ನು ಒಳಗೊಂಡ ನಾಗರಹೊಳೆಯಲ್ಲಿ, ದಾಂಡೇಲಿ ಕಾಡಿನಲ್ಲಿ ಕರಿಚಿರತೆ ಕಂಡಿದೆ, ನಿಜ. ಆದರೆ ಸಫಾರಿ ಸಾಗುವುದು ಕಾಡಿನ ಸಣ್ಣದೊಂದು ಭಾಗದಲ್ಲಿ, ಗೊತ್ತುಪಡಿಸಿದ ದಾರಿಗಳಲ್ಲಿ ಮಾತ್ರ. ಚಿರತೆಗೆ ಆ ದಾರಿಯ ಹಂಗಿಲ್ಲ. ದರ್ಶನದ ಭರವಸೆ ಕೊಟ್ಟು ಹಣ ಕೇಳುವವರನ್ನು ದಯವಿಟ್ಟು ನಂಬಬೇಡಿ. ಆ ಭರವಸೆ ಉಳಿಸಿಕೊಳ್ಳಲು ಚಾಲಕರ ಮೇಲೆ ಒತ್ತಡ ಬೀಳುತ್ತದೆ, ಜೀಪುಗಳು ಒಂದೇ ಕಡೆ ಮುತ್ತಿಕೊಳ್ಳುತ್ತವೆ, ಪ್ರಾಣಿ ಪೊದೆಯಿಂದ ಹೊರಬರಲಾಗದೆ ಒದ್ದಾಡುತ್ತದೆ.